ಒಕ್ಕಲೆದ್ದವರ ಲೆಕ್ಕ

ಕನ್ನಡದಲ್ಲಿ ‘ಒಕ್ಕಲು’ ಎಂಬ ಮಾತಿಗೆ ಒಂದು ಘನತೆಯಿದೆ. ಒಂದೆಡೆ ನೆಲೆನಿಂತು ಬೇಸಾಯ ಮಾಡುವ ಸಂಸಾರವೇ ಒಕ್ಕಲು. ಅದರ ಕಸುಬು ಒಕ್ಕಲುತನ. ಹೊಸ ಮನೆಗೆ ಕಾಲಿಟ್ಟು ಹಾಲು ಉಕ್ಕಿಸುವುದನ್ನು ಮನೆ ಒಕ್ಕಲು ಎನ್ನುತ್ತೇವೆ. ಇಷ್ಟು ಮಂಗಳಕರವಾದ ಈ ಮಾತಿನಿಂದಲೇ ‘ಒಕ್ಕಲೆಬ್ಬಿಸು’ ಎಂಬ ಅಮಂಗಳವಾದ ಕ್ರಿಯಾಪದವೂ ಹುಟ್ಟಿದೆ. ತಲೆಮಾರುಗಳಿಂದ ಒಂದು ಮಣ್ಣಿನಲ್ಲಿ ಬೆವರು ಸುರಿಸಿದ ಸಂಸಾರವನ್ನು ಅಲ್ಲಿಂದ ಎಬ್ಬಿಸಿ ಕಳುಹಿಸುವುದು ಅದರ ಅರ್ಥ. ಜನರ ಬಾಯಲ್ಲಿ ಈ ಮಾತು ಇಂದಿಗೂ ಜೀವಂತವಾಗಿದೆ. ಆದರೆ ಹಳೆಯ ಗೇಣಿ ಕಾಗದಗಳಲ್ಲಿಯೂ ಸರಕಾರಿ ದಫ್ತರಗಳಲ್ಲಿಯೂ ಅದನ್ನು ಹುಡುಕಹೊರಟವನಿಗೆ ಅದು ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಅಲ್ಲಿ ಕಾಣಸಿಗುವುದು ‘ವಾಯಿದೆ ತೀರಿತು’, ‘ಸ್ವಂತ ಸಾಗುವಳಿಗೆ ತೆಗೆದುಕೊಂಡಿತು’, ‘ರಾಜೀಖುಷಿಯಿಂದ ಬಿಟ್ಟುಕೊಟ್ಟನು’ ಎಂಬಂಥ ಸೌಮ್ಯವಾದ ಮಾತುಗಳು. ನಡೆದ ಸಂಗತಿ ಒಂದು, ಬರೆದಿಟ್ಟ ಹೆಸರು ಇನ್ನೊಂದು. ಈ ಅಂತರವನ್ನು ಅರಿಯದೆ ನಮ್ಮ ನಾಡಿನ ಭೂಮಿಯ ಇತಿಹಾಸವನ್ನು ಬರೆಯುವುದು ಸಾಧ್ಯವಿಲ್ಲ.

ಈ ವಿಷಯವನ್ನು ನಮ್ಮ ಪತ್ರಿಕೆಯ ಓದುಗರ ಮುಂದೆ ಇಡುವುದಕ್ಕೆ ವಿಶೇಷ ಕಾರಣವಿದೆ. ಕರಾವಳಿಯ ಜೈನ ಮನೆತನಗಳಲ್ಲಿ ಹಿರಿಯರು ಸೇರಿದಾಗ 1974ರ ಮಾತು ಬಂದೇ ಬರುತ್ತದೆ. ಆ ವರ್ಷ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಎಷ್ಟು ಮುಡಿ ಗೇಣಿಯ ಆಸ್ತಿ ಕೈಬಿಟ್ಟಿತು, ಯಾವ ಬಸದಿಯ ನಿತ್ಯಪೂಜೆಗೆ ತೊಡಕಾಯಿತು, ಯಾವ ಬೀಡಿನ ಉಪ್ಪರಿಗೆ ಪಾಳುಬಿತ್ತು ಎಂಬುದನ್ನು ಹೇಳುವವರು ಅನೇಕರಿದ್ದಾರೆ. ಅದು ಸುಳ್ಳಲ್ಲ. ಆದರೆ ಜಮಾ ಮತ್ತು ಖರ್ಚು ಎರಡೂ ಬದಿಗಳಿಲ್ಲದ ಪುಸ್ತಕವನ್ನು ಯಾವ ವರ್ತಕನೂ ಲೆಕ್ಕವೆಂದು ಒಪ್ಪುವುದಿಲ್ಲ. 1974ಕ್ಕೆ ಮುಂಚೆ ಅದೇ ಭೂಮಿಯಿಂದ ಎದ್ದುಹೋದ ಒಕ್ಕಲುಗಳ ಲೆಕ್ಕ ನಮ್ಮ ನೆನಪಿನ ಪುಸ್ತಕದಲ್ಲಿ ಬಹುಮಟ್ಟಿಗೆ ಖಾಲಿಯಾಗಿದೆ. ಆ ಬದಿಯನ್ನು ತುಂಬಿಸುವ ಬಗೆ ಹೇಗೆ ಎಂಬುದೇ ಈ ಲೇಖನದ ವಿಷಯ.

ಮೂಲಗೇಣಿ ಮತ್ತು ಚಾಲಗೇಣಿ

1799ರಲ್ಲಿ ಟಿಪ್ಪುಸುಲ್ತಾನನ ಪತನದ ನಂತರ ಕೆನರಾ ಪ್ರದೇಶವು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಅದರ ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1800ರಲ್ಲಿ ಮದ್ರಾಸಿನ ಕಂದಾಯ ಮಂಡಳಿಗೆ ಬರೆದ ವರದಿಯಲ್ಲಿ, ಇಲ್ಲಿಯ ಭೂಮಿ ವಂಶಪಾರಂಪರ್ಯವಾಗಿ ಬಂದ ಖಾಸಗಿ ಸ್ವತ್ತೆಂಬುದನ್ನು ವಿಶೇಷವಾಗಿ ಎತ್ತಿ ಹೇಳಿದನು. ಮರುವರ್ಷ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನೂ ಇಲ್ಲಿಯ ಗೇಣಿಯ ಬಗೆಗಳನ್ನು ವಿಚಾರಿಸಿ ಬರೆದುಕೊಂಡನು. 1894ರಲ್ಲಿ ಪ್ರಕಟವಾದ ದಕ್ಷಿಣ ಕೆನರಾ ಜಿಲ್ಲೆಯ ಕೈಪಿಡಿಯಲ್ಲಿ ಜಾನ್ ಸ್ಟರಕ್ ಈ ವ್ಯವಸ್ಥೆಯನ್ನು ವಿವರಿಸಿದ್ದಾನೆ.

ಆ ವ್ಯವಸ್ಥೆಯ ಸಾರಾಂಶ ಹೀಗಿದೆ. ಸರಕಾರಕ್ಕೆ ತೀರ್ವೆ ಕಟ್ಟುವ ಒಡೆಯನು ವರ್ಗದಾರ. ಜನರ ಮಾತಿನಲ್ಲಿ ಧಣಿ. ಬಂಟರು, ಜೈನರು, ಬ್ರಾಹ್ಮಣರು ಮತ್ತು ದೇವಸ್ಥಾನ, ಮಠ, ಬಸದಿಗಳು ವರ್ಗದಾರರಲ್ಲಿ ಮುಖ್ಯರಾಗಿದ್ದರು. ಅವರ ಕೆಳಗೆ ಗೇಣಿದಾರರು. ಮೂಲಗೇಣಿಯವನಿಗೆ ಶಾಶ್ವತ ಹಕ್ಕು. ಅವನ ಗೇಣಿ ನಿಶ್ಚಿತ. ಮಗನಿಗೂ ಮೊಮ್ಮಗನಿಗೂ ಅದು ಸಲ್ಲುತ್ತಿತ್ತು. ವಾಯಿದೆಗೇಣಿಯವನಿಗೆ ಗೊತ್ತುಪಡಿಸಿದ ಅವಧಿ. ಚಾಲಗೇಣಿಯವನಿಗೆ ಮಾತ್ರ ವರ್ಷದಿಂದ ವರ್ಷಕ್ಕೆ ಧಣಿಯ ಇಚ್ಛೆಯೇ ಆಧಾರ. ಉಳುವವರಲ್ಲಿ ಬಹುದೊಡ್ಡ ಪಾಲು ಈ ಕೊನೆಯ ವರ್ಗಕ್ಕೆ ಸೇರಿತ್ತು.

ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಚಾಲಗೇಣಿ ಚೀಟು ಒಂದು ವರ್ಷದ್ದಾದರೂ ಒಂದೇ ಸಂಸಾರ ಅದೇ ಗದ್ದೆಯನ್ನು ಮೂರು ನಾಲ್ಕು ತಲೆಮಾರು ಉಳುತ್ತ ಬಂದಿರಬಹುದು. ಕಾಗದದ ಪ್ರಕಾರ ಅವನು ಈ ವರ್ಷದ ಅತಿಥಿ. ಊರಿನ ನೆನಪಿನ ಪ್ರಕಾರ ಆ ಗದ್ದೆ ಅವನ ಅಜ್ಜನ ಗದ್ದೆ. ಅವನನ್ನು ಎಬ್ಬಿಸಿದಾಗ ಕಾನೂನಿನ ಕಣ್ಣಿಗೆ ಏನೂ ನಡೆದಿರುವುದಿಲ್ಲ, ಒಂದು ವರ್ಷದ ಕರಾರು ಮುಗಿದಿರುತ್ತದೆ ಅಷ್ಟೆ. ಅವನು ನೆಟ್ಟ ತೆಂಗು, ಅಡಿಕೆ, ಕಟ್ಟಿದ ಕಟ್ಟಪುಣಿ, ತೋಡಿದ ಕೆರೆ ಎಲ್ಲವೂ ಧಣಿಯ ಪಾಲಾಗುತ್ತವೆ. ಬಿಸು ಹಬ್ಬದ ಹೊತ್ತಿಗೆ ಬುಳೆಕಾಣಿಕೆಯೆಂದು ತರಕಾರಿ, ಬಾಳೆಗೊನೆಗಳನ್ನು ಹೊತ್ತು ಧಣಿಯ ಮನೆಯಂಗಳಕ್ಕೆ ಬರುತ್ತಿದ್ದ ಒಕ್ಕಲಿನ ಮನಸ್ಸಿನಲ್ಲಿ ಹಬ್ಬದ ಸಂತೋಷದೊಂದಿಗೆ ಈ ಭಯವೂ ಇದ್ದಿತು. ಒಕ್ಕಲೆಬ್ಬಿಸುವಿಕೆಯ ಬಲವು ಎಬ್ಬಿಸಿದ ದಿನದಲ್ಲಿ ಮಾತ್ರವಲ್ಲ, ಎಬ್ಬಿಸಬಹುದೆಂಬ ಎಲ್ಲ ದಿನಗಳಲ್ಲಿಯೂ ಇರುತ್ತದೆ. ಗೇಣಿ ಏರಿಸುವುದಕ್ಕೂ ಬಿಟ್ಟಿ ದುಡಿಸಿಕೊಳ್ಳುವುದಕ್ಕೂ ಅದೇ ಸಾಧನ.

ಎಣಿಸಿದ ನಾಡು, ಎಣಿಸದ ನಾಡು

ಪರದೇಶಗಳಲ್ಲಿ ಈ ಬಗೆಯ ಸಂಶೋಧನೆಗೆ ಸಿಕ್ಕಿರುವ ಸಾಮಗ್ರಿಯನ್ನು ನೋಡಿದರೆ ನಮ್ಮ ಕೊರತೆ ಏನೆಂಬುದು ತಿಳಿಯುತ್ತದೆ. ಐರ್ಲೆಂಡಿನಲ್ಲಿ ಮಹಾಕ್ಷಾಮದ ಕಾಲದಲ್ಲಿ ಭೂಒಡೆಯರು ಒಕ್ಕಲುಗಳನ್ನು ಗುಂಪುಗುಂಪಾಗಿ ಹೊರಹಾಕಿದರು. 1849ರಿಂದ ಅಲ್ಲಿಯ ಪೊಲೀಸರು ತಮಗೆ ತಿಳಿದುಬಂದ ಒಕ್ಕಲೆಬ್ಬಿಸುವಿಕೆಗಳನ್ನು ಎಣಿಸಿ ವರದಿ ಮಾಡತೊಡಗಿದರು. ಆ ಎಣಿಕೆ ಪೂರ್ಣವಲ್ಲದಿದ್ದರೂ, ಇಂದಿನ ಅಭ್ಯಾಸಿಗೆ ವರ್ಷವಾರು ಹಿಡಿತ ಸಿಗುತ್ತದೆ. ಸ್ಕಾಟ್ಲೆಂಡಿನ ಮಲೆನಾಡಿನಲ್ಲಿ ಕುರಿಸಾಕಣೆಗಾಗಿ ಹಳ್ಳಿಗಳನ್ನೇ ತೆರವು ಮಾಡಿದ ದೊಡ್ಡ ಜಮೀನ್ದಾರರ ಕಚೇರಿ ಕಾಗದಗಳು ಉಳಿದುಬಂದುದರಿಂದ ಆ ಚರಿತ್ರೆಯನ್ನು ಬರೆಯಲು ಸಾಧ್ಯವಾಯಿತು.

ನಮ್ಮ ನೆರೆಯ ಮಲಬಾರಿನಲ್ಲಿಯೂ ವಿಚಾರಣೆ ಬಹಳ ಮುಂಚೆಯೇ ನಡೆಯಿತು. ಅಲ್ಲಿ ಗೇಣಿದಾರರ ಅಸಂತೋಷ ಹೆಚ್ಚಿದಾಗ ಸರಕಾರವು 1881ರಲ್ಲಿ ವಿಲಿಯಂ ಲೋಗನ್ ಎಂಬ ಅಧಿಕಾರಿಯನ್ನು ಭೂಹಿಡುವಳಿಗಳ ವಿಚಾರಣೆಗೆ ನೇಮಿಸಿತು. ಅದರ ಮುಂದುವರಿಕೆಯಾಗಿ 1887ರಲ್ಲಿ ಗೇಣಿದಾರನು ಮಾಡಿದ ಸುಧಾರಣೆಗಳಿಗೆ ಪರಿಹಾರ ಕೊಡಿಸುವ ಕಾಯಿದೆಯು ಮಲಬಾರಿಗೆ ಬಂದಿತು. ಪರಿಹಾರ ಕೊಡಬೇಕಾದರೆ ವ್ಯಾಜ್ಯ ನಡೆಯಬೇಕು. ವ್ಯಾಜ್ಯ ನಡೆದರೆ ಕಾಗದ ಉಳಿಯುತ್ತದೆ. ದಕ್ಷಿಣ ಕೆನರಾದ ಚಾಲಗೇಣಿದಾರನಿಗೆ ಆ ಕಾಯಿದೆಯ ಆಸರೆ ಇರಲಿಲ್ಲ. 1908ರ ಮದ್ರಾಸ್ ಎಸ್ಟೇಟ್ಸ್ ಲ್ಯಾಂಡ್ ಆಕ್ಟ್ ಜಮೀನ್ದಾರಿ ಸೀಮೆಗಳ ರೈತರಿಗಾಗಿ ಮಾಡಿದ್ದು. ರಯತವಾರಿ ಪದ್ಧತಿಯ ನಮ್ಮ ಕರಾವಳಿಗೆ ಅದೂ ಅನ್ವಯಿಸಲಿಲ್ಲ. ರಯತವಾರಿಯಲ್ಲಿ ಸರಕಾರಕ್ಕೆ ಮುಖ್ಯವಾದದ್ದು ತೀರ್ವೆ ಕಟ್ಟುವವನ ಹೆಸರು. ಕೆಸರಿನಲ್ಲಿ ಇಳಿದು ಉಳುವವನ ಹೆಸರು ದಫ್ತರಕ್ಕೆ ಬೇಕಾಗಿರಲಿಲ್ಲ. ದಫ್ತರದಲ್ಲಿ ಬಂದೇ ಇರದ ಹೆಸರು ಅಲ್ಲಿಂದ ಹೊರಟುಹೋದದ್ದನ್ನು ತೋರಿಸುವುದು ಹೇಗೆ?

ಕಾಗೋಡಿನ ಕೊಳಗ

ಘಟ್ಟದ ಮೇಲೆ, ಆಗಿನ ಮೈಸೂರು ರಾಜ್ಯದ ಸಾಗರ ತಾಲೂಕಿನಲ್ಲಿ, ಈ ಮೌನ ಮುರಿದ ಪ್ರಸಂಗವೊಂದು 1951ರಲ್ಲಿ ನಡೆಯಿತು. ಕಾಗೋಡು ಎಂಬ ಹಳ್ಳಿಯಲ್ಲಿ ಗೇಣಿದಾರರಾಗಿದ್ದವರು ಹೆಚ್ಚಾಗಿ ದೀವರ ಜನಾಂಗದವರು. ಗೇಣಿ ಭತ್ತವನ್ನು ಅಳೆಯುವ ಕೊಳಗವು ಮೂರು ಸೇರಿನದಾಗಿರಬೇಕು ಎಂಬುದು ಅವರ ಬೇಡಿಕೆ. ಧಣಿಗಳ ಮನೆಯ ಕೊಳಗವು ಅದಕ್ಕಿಂತ ದೊಡ್ಡದಾಗಿತ್ತು. ಗೇಣಿಯ ದರದಲ್ಲಿ ಒಂದಕ್ಷರವನ್ನೂ ಬದಲಿಸದೆ ಅಳತೆಯ ಪಾತ್ರೆಯಿಂದಲೇ ಗೇಣಿಯನ್ನು ಹೆಚ್ಚಿಸಿಕೊಳ್ಳುವ ಉಪಾಯವಿದು. ಲೆಕ್ಕದ ಪುಸ್ತಕದಲ್ಲಿ ‘ಇಷ್ಟು ಕೊಳಗ’ ಎಂದೇ ಇರುತ್ತದೆ. ಕೊಳಗದ ಗಾತ್ರವನ್ನು ಪುಸ್ತಕ ಹೇಳುವುದಿಲ್ಲ.

ಎಚ್. ಗಣಪತಿಯಪ್ಪನವರು ಕಟ್ಟಿದ ರೈತಸಂಘವು ಈ ಪ್ರಶ್ನೆಯನ್ನು ಎತ್ತಿತು. ಪ್ರಶ್ನೆ ಕೇಳಿದವರಿಗೆ ದೊರೆತ ಉತ್ತರವೆಂದರೆ ಉಳಲು ಭೂಮಿ ಇಲ್ಲವೆಂಬುದು. 1951ರ ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹೊತ್ತು ತಾವು ಉಳುತ್ತಿದ್ದ ಗದ್ದೆಗಳಿಗೆ ಇಳಿದು ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷವು ಹೋರಾಟಕ್ಕೆ ಬೆಂಬಲವಾಗಿ ನಿಂತಿತು; ಶಾಂತವೇರಿ ಗೋಪಾಲಗೌಡರು ಅದರ ಮುಂದಾಳುಗಳಲ್ಲಿ ಒಬ್ಬರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರು ಬಂದು ಸೆರೆಯಾದುದರಿಂದ ಕಾಗೋಡಿನ ಹೆಸರು ದೇಶಕ್ಕೆ ತಿಳಿಯಿತು. ಉತ್ತರ ಕನ್ನಡದಲ್ಲಿಯೂ ಗೇಣಿದಾರರ ಪರವಾಗಿ ದನಿಯೆತ್ತಿದ ದಿನಕರ ದೇಸಾಯಿಯವರನ್ನು 1940ರಲ್ಲಿ ಅಂದಿನ ಸರಕಾರವು ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು.

ಕಾಗೋಡಿನಿಂದ ಸಂಶೋಧಕನು ಕಲಿಯಬೇಕಾದ ಪಾಠ ಎರಡು. ಒಕ್ಕಲೆಬ್ಬಿಸುವಿಕೆಗೆ ಮೂಲವು ಭೂಮಿಯ ಅಗತ್ಯವೇ ಆಗಿರಬೇಕಾಗಿಲ್ಲ; ನ್ಯಾಯವಾದ ಪ್ರಶ್ನೆ ಕೇಳಿದ್ದಕ್ಕೆ ಅದು ಶಿಕ್ಷೆಯೂ ಆಗಬಹುದು. ಎರಡನೆಯದಾಗಿ, ಪತ್ರಿಕೆ, ಪಕ್ಷ, ಸೆರೆಮನೆಗಳ ಸಂಪರ್ಕ ಬಂದುದರಿಂದ ಕಾಗೋಡು ಉಳಿಯಿತು. ಸತ್ಯಾಗ್ರಹವಿಲ್ಲದೆ ರಾತ್ರಿ ಗಂಟುಮೂಟೆ ಕಟ್ಟಿ ಹೊರಟ ಸಂಸಾರದ ಸುದ್ದಿ ಯಾವ ಪತ್ರಿಕೆಗೂ ಮುಟ್ಟಲಿಲ್ಲ.

ರಾಜೀಖುಷಿಯ ಕಾಗದ

ಸ್ವಾತಂತ್ರ್ಯಾನಂತರ ಗೇಣಿದಾರರ ರಕ್ಷಣೆಗೆ ಕಾಯಿದೆಗಳು ಬಂದವು. ಮುಂಬಯಿ ಪ್ರಾಂತಕ್ಕೆ 1948ರಲ್ಲಿ, ಹೈದರಾಬಾದಿಗೆ 1950ರಲ್ಲಿ, ಮೈಸೂರಿಗೆ 1952ರಲ್ಲಿ ಅಂಥ ಕಾಯಿದೆಗಳಾದವು. ಒಕ್ಕಲನ್ನು ಹೊರಹಾಕಲು ಇನ್ನು ಕಾರಣ ತೋರಿಸಬೇಕಾಯಿತು. ಆಗ ಪ್ರಾಮುಖ್ಯಕ್ಕೆ ಬಂದದ್ದು ಗೇಣಿದಾರನೇ ಸ್ವಇಚ್ಛೆಯಿಂದ ಭೂಮಿ ಬಿಟ್ಟನೆಂಬ ಕಾಗದ.

ಇದರ ಪ್ರಮಾಣವನ್ನು ಅಳೆದು ತೋರಿಸಿದ ಅಧ್ಯಯನಗಳು ಇವೆ. ಅರ್ಥಶಾಸ್ತ್ರಜ್ಞ ಎ. ಎಂ. ಖುಸ್ರೋ ಅವರು ಹಿಂದಿನ ಹೈದರಾಬಾದು ಸಂಸ್ಥಾನದಲ್ಲಿ ನಡೆಸಿ 1958ರಲ್ಲಿ ಪ್ರಕಟಿಸಿದ ಅಧ್ಯಯನವು ಅವುಗಳಲ್ಲಿ ಪ್ರಸಿದ್ಧವಾದುದು. ಬೀದರ, ಗುಲ್ಬರ್ಗ, ರಾಯಚೂರುಗಳು ಆ ಸಂಸ್ಥಾನಕ್ಕೇ ಸೇರಿದ್ದುವೆಂಬುದನ್ನು ನೆನಪಿಡಬೇಕು. 1951ರಲ್ಲಿ ‘ರಕ್ಷಿತ ಗೇಣಿದಾರ’ರೆಂದು ದಾಖಲಾದ ನೂರು ಮಂದಿಯ ಸ್ಥಿತಿ ಸುಮಾರು ನಾಲ್ಕು ವರ್ಷಗಳ ಮೇಲೆ ಏನಾಯಿತೆಂದು ಅವರು ಲೆಕ್ಕ ಹಾಕಿದರು. ರಕ್ಷಿತ ಗೇಣಿದಾರರಾಗಿಯೇ ಉಳಿದವರು 45.4, ಭೂಮಿಯನ್ನು ಕೊಂಡು ಒಡೆಯರಾದವರು 12.4, ಕಾನೂನುಬದ್ಧವಾಗಿ ಹೊರಹಾಕಲ್ಪಟ್ಟವರು 2.6, ಕಾನೂನುಬಾಹಿರವಾಗಿ ಹೊರಹಾಕಲ್ಪಟ್ಟವರು 22.1, ‘ಸ್ವಇಚ್ಛೆಯಿಂದ’ ಬಿಟ್ಟುಕೊಟ್ಟವರು 17.5.

ಈ ಅಂಕಿಗಳನ್ನು ವರ್ತಕನ ಕಣ್ಣಿನಿಂದ ಒಮ್ಮೆ ಕೂಡಿ ಕಳೆದು ನೋಡಬೇಕು. ಭೂಮಿ ಕಳೆದುಕೊಂಡವರ ಒಟ್ಟು ಮೊತ್ತ ನೂರಕ್ಕೆ 42.2. ಅದರಲ್ಲಿ ಕಾನೂನಿನ ದಾರಿಯಲ್ಲಿ ಹೋದದ್ದು 2.6 ಮಾತ್ರ. ಎಂದರೆ ಭೂಮಿ ಬಿಟ್ಟ ನೂರು ಜನರಲ್ಲಿ ಸುಮಾರು ಆರು ಜನರಿಗೆ ಮಾತ್ರ ಕಾನೂನಿನ ಕ್ರಮದ ಆಧಾರವಿದೆ. ಹೊರಹಾಕಿದ ಆಜ್ಞೆಗಳನ್ನಷ್ಟೇ ಎಣಿಸುವ ಸಂಶೋಧಕನು ಉಳಿದ ತೊಂಬತ್ತನಾಲ್ಕು ಜನರನ್ನು ಕಾಣುವುದೇ ಇಲ್ಲ. ಕಾಯಿದೆಯು ಒಳ್ಳೆಯ ರೀತಿಯಲ್ಲಿ ನಡೆಯಿತೆಂದೇ ಅವನು ತೀರ್ಮಾನಿಸಬಹುದು!

ಮುಂಬಯಿ ಕಾಯಿದೆಯ ಆಚರಣೆಯನ್ನು ಪರೀಕ್ಷಿಸಿ ಪುಣೆಯ ಗೋಖಲೆ ಸಂಸ್ಥೆಯ ವಿ. ಎಂ. ದಾಂಡೇಕರ್ ಮತ್ತು ಜಿ. ಜೆ. ಖುದಾನಪುರ ಅವರು 1957ರಲ್ಲಿ ಪ್ರಕಟಿಸಿದ ವರದಿಯೂ ಇದೇ ಬಗೆಯ ಕಥೆಯನ್ನು ಹೇಳುತ್ತದೆ. ಎರಡನೆಯ ಪಂಚವಾರ್ಷಿಕ ಯೋಜನೆಯನ್ನು ರೂಪಿಸಿದವರಿಗೂ ಈ ‘ಸ್ವಇಚ್ಛೆ’ಯ ಮೇಲೆ ಸಂದೇಹ ಮೂಡಿತ್ತು, ಕಂದಾಯಾಧಿಕಾರಿಯ ಮುಂದೆ ಪರಿಶೀಲನೆಯಾಗದ ಬಿಟ್ಟುಕೊಡುವಿಕೆಯನ್ನು ಒಪ್ಪಬಾರದೆಂಬ ಸಲಹೆ ಬಂದದ್ದು ಆ ಕಾರಣದಿಂದ.

ಏಕೀಕರಣದ ತರುವಾಯ, ಬಿ. ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿಯು ಹೊಸ ಮೈಸೂರು ರಾಜ್ಯದ ಬೇರೆ ಬೇರೆ ಗೇಣಿ ಕಾನೂನುಗಳನ್ನು ಒಂದುಗೂಡಿಸುವ ಬಗ್ಗೆ ವಿಚಾರ ಮಾಡಿತು. ಅದರ ಫಲವಾಗಿ 1961ರ ಭೂಸುಧಾರಣಾ ಕಾಯಿದೆ ಹುಟ್ಟಿತು. ಆದರೆ ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅದರಲ್ಲಿಯೂ ಒಡೆಯನು ಸ್ವಂತ ಸಾಗುವಳಿಗೆಂದು ಭೂಮಿಯನ್ನು ಹಿಂದಕ್ಕೆ ಪಡೆಯಲು ಅವಕಾಶವಿತ್ತು. ಕಾನೂನು ಬರುತ್ತದೆಂಬ ಸುದ್ದಿಗೂ ಅದು ಬಂದು ನೆಲೆಯೂರುವುದಕ್ಕೂ ನಡುವಿನ ಅವಧಿಯು ಒಕ್ಕಲಿಗೆ ಎಲ್ಲೆಡೆಯೂ ಅಪಾಯದ ಕಾಲ. ಮುಂದೆ ಹಕ್ಕು ಸಿಗಬಹುದಾದವನನ್ನು ಇಂದೇ ಹಕ್ಕಿಲ್ಲದವನನ್ನಾಗಿ ಮಾಡುವ ಆಸೆ ಆಗಲೇ ಪ್ರಬಲವಾಗುತ್ತದೆ.

ದೇವರಾಜ ಅರಸರ ಸರಕಾರದ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಅಂದಿಗೆ ಗೇಣಿದಾರರ ಕೈಯಲ್ಲಿದ್ದ ಭೂಮಿಯೆಲ್ಲ ಸರಕಾರಕ್ಕೆ ಸೇರಿ, ಉಳುವವನು ಏಳನೆಯ ನಮೂನೆಯಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಿ ಒಡೆತನ ಪಡೆಯಬಹುದಾಯಿತು. 1979ರ ಜೂನ್ 30ರ ಗಡುವಿನ ಹೊತ್ತಿಗೆ ಬಂದ ಅರ್ಜಿಗಳು ಎಂಟು ಲಕ್ಷಕ್ಕೂ ಮಿಕ್ಕಿದ್ದುವು. ಆದರೆ ‘ಅಂದಿಗೆ’ ಎಂಬ ಒಂದು ಪದದಲ್ಲಿ ಎಷ್ಟೋ ಸಂಸಾರಗಳ ಭವಿಷ್ಯ ಅಡಗಿತ್ತು. ಆ ದಿನ ಗದ್ದೆಯಲ್ಲಿದ್ದವನು ಒಡೆಯನಾದನು. ಹಿಂದಿನ ವರ್ಷಗಳಲ್ಲಿ ಹೆಬ್ಬೆಟ್ಟು ಒತ್ತಿ ಹೊರಟವನಿಗೆ ಆ ನಮೂನೆಯಲ್ಲಿ ಬರೆಯಲು ಸಾಮಾನ್ಯವಾಗಿ ಏನೂ ಉಳಿದಿರಲಿಲ್ಲ. ಆದ್ದರಿಂದ ಒಕ್ಕಲೆದ್ದವನು ಕಳೆದುಕೊಂಡದ್ದು ಆ ವರ್ಷದ ಬೆಳೆಯನ್ನಷ್ಟೇ ಅಲ್ಲ. ತನ್ನ ಮಕ್ಕಳಿಗೆ ಬರಬಹುದಾಗಿದ್ದ ಒಡೆತನವನ್ನೂ ಕಳೆದುಕೊಂಡನು.

ಲೆಕ್ಕದ ಪುಸ್ತಕವನ್ನು ಓದುವ ಬಗೆ

ಹಾಗಾದರೆ ಸೌಮ್ಯವಾದ ಮಾತುಗಳ ಹಿಂದಿನ ಸತ್ಯವನ್ನು ಕಾಣುವ ದಾರಿ ಯಾವುದು? ವಾಣಿಜ್ಯಶಾಸ್ತ್ರವನ್ನು ಓದಿ ಆಯುಷ್ಯವನ್ನೆಲ್ಲ ಕಿರ್ದಿ ಖತಾವಣಿಗಳ ನಡುವೆ ಕಳೆದ ನನಗೆ ತೋರುವುದೇನೆಂದರೆ, ಇತಿಹಾಸಜ್ಞನ ಕಣ್ಣಿಗಿಂತ ಇಲ್ಲಿ ಲೆಕ್ಕಿಗನ ಕಣ್ಣು ಹೆಚ್ಚು ಉಪಯುಕ್ತ. ಧಣಿಗಳ ಮನೆಯ ಗೇಣಿ ಪುಸ್ತಕಗಳು, ಬಸದಿಗಳ ಆದಾಯ ವೆಚ್ಚದ ಕಡತಗಳು ದೊರೆತಲ್ಲಿ ಕೆಲವು ಗುರುತುಗಳನ್ನು ಹುಡುಕಬೇಕು.

ಮೊದಲನೆಯ ಗುರುತು, ಗದ್ದೆ ಒಂದೇ ಇದ್ದು ಗೇಣಿದಾರನ ಹೆಸರು ಬದಲಾದ ವರ್ಷ. ಅದೇ ವರ್ಷ ಗೇಣಿಯ ಮುಡಿಯೂ ಏರಿದ್ದರೆ, ಹೆಚ್ಚು ಕೊಡುವೆನೆಂದವನಿಗೆ ಗದ್ದೆಯನ್ನು ಕೊಟ್ಟು ಹಳಬನನ್ನು ಎಬ್ಬಿಸಿದ ಸಂಭವವುಂಟು.

ಎರಡನೆಯದು ಬಾಕಿಯ ಅಂಕಣ. ಒಬ್ಬ ಒಕ್ಕಲಿನ ಹೆಸರಿನಲ್ಲಿ ಬಾಕಿಯು ವರ್ಷ ವರ್ಷಕ್ಕೆ ಬೆಳೆಯುತ್ತ ಬಂದು, ಒಂದು ದಿನ ಏಕಾಏಕಿ ‘ವಜಾ’ ಎಂದು ಖಾತೆ ಮುಚ್ಚಿದ್ದರೆ ಅಲ್ಲಿ ನಿಲ್ಲಬೇಕು. ಪ್ರತಿಫಲವಿಲ್ಲದೆ ಯಾವ ವರ್ತಕನೂ ಬರಬೇಕಾದ ಹಣವನ್ನು ವಜಾ ಮಾಡುವುದಿಲ್ಲ. ಅದು ದಯೆಯಿಂದಾದದ್ದೂ ಇರಬಹುದು. ಮುಂದಿನ ವರ್ಷ ಆ ಗದ್ದೆ ಯಾರ ಹೆಸರಿನಲ್ಲಿದೆಯೆಂದು ನೋಡಿದರೆ ತಿಳಿದುಹೋಗುತ್ತದೆ. ಗದ್ದೆಯೂ ಕೈಬದಲಾಗಿದ್ದರೆ, ಮನ್ನಾ ಮಾಡಿದ ಬಾಕಿಗೆ ಬೆಲೆಯಾಗಿ ಬಂದದ್ದು ಒಕ್ಕಲಿನ ಹಕ್ಕು.

ಮೂರನೆಯದು ‘ಸ್ವಂತ ಸಾಗುವಳಿ’ಯ ಪರೀಕ್ಷೆ. ಒಡೆಯನೇ ಬೇಸಾಯಕ್ಕೆ ತೊಡಗಿದ್ದರೆ ಖರ್ಚಿನ ಬದಿಯಲ್ಲಿ ಬೀಜ, ಗೊಬ್ಬರ, ಕೋಣ ಎತ್ತುಗಳ ಮೇವು, ನಾಟಿ ಕೊಯ್ಲುಗಳ ಕೂಲಿ ಕಾಣಲೇಬೇಕು. ಖರ್ಚು ಏನೂ ಇಲ್ಲದೆ ಮೊದಲಿನ ಗೇಣಿಯಷ್ಟೇ ಭತ್ತ ಜಮೆಯಾಗುತ್ತಿದ್ದರೆ, ಚೀಟು ಇಲ್ಲದ ಇನ್ನೊಬ್ಬ ಒಕ್ಕಲು ಅಲ್ಲಿ ದುಡಿಯುತ್ತಿದ್ದಾನೆ ಎಂದರ್ಥ. ಖರ್ಚು ನಿಜವಾಗಿಯೂ ಇದ್ದರೆ ಕೂಲಿಯವರ ಪಟ್ಟಿಯನ್ನು ಓದಬೇಕು. ನಿನ್ನೆಯವರೆಗೆ ಗೇಣಿದಾರರ ಪಟ್ಟಿಯಲ್ಲಿದ್ದ ಹೆಸರು ಇಂದು ದಿನಗೂಲಿಯ ಪಟ್ಟಿಯಲ್ಲಿ ಕಂಡರೆ ಬೇರೆ ಸಾಕ್ಷಿ ಬೇಕಾಗಿಲ್ಲ.

ನಾಲ್ಕನೆಯದು ಬಿಟ್ಟುಕೊಟ್ಟ ಕಾಗದಗಳ ಸ್ವರೂಪ. ಹಲವರು ಒಂದೇ ದಿನ, ಒಂದೇ ಬರೆಹಗಾರನ ಕೈಯಿಂದ, ಒಂದೇ ಸಾಕ್ಷಿಗಳ ಮುಂದೆ, ಒಂದೇ ವಾಕ್ಯದಲ್ಲಿ ‘ಸ್ವಸಂತೋಷದಿಂದ’ ಭೂಮಿ ಬಿಟ್ಟಿದ್ದರೆ ಆ ಸಂತೋಷ ಯಾರದು ಎಂದು ಕೇಳಬೇಕಾಗುತ್ತದೆ.

ಇವುಗಳೊಂದಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿತವಾದ ಗೇಣಿಚೀಟುಗಳು, ಮುನ್ಸೀಫ್ ಕೋರ್ಟುಗಳ ದಾವೆಗಳು, ಪಹಣಿಯಲ್ಲಿ ಒಡೆಯನ ಹೆಸರಿರುವ 9ನೆಯ ಅಂಕಣ ಮತ್ತು ಉಳುವವನ ಹೆಸರಿರುವ 12ನೆಯ ಅಂಕಣ, ಭೂನ್ಯಾಯಮಂಡಳಿಯ ಕಡತಗಳಲ್ಲಿರುವ ಹೇಳಿಕೆಗಳು ಮತ್ತು ಗೇಣಿ ರಶೀದಿಗಳು, ಇವನ್ನೆಲ್ಲ ಹೋಲಿಸಬೇಕು. ಒಂದು ಎಚ್ಚರಿಕೆಯೂ ಅವಶ್ಯ. ಹೆಸರು ಬದಲಾದ ಕಡೆಯಲ್ಲೆಲ್ಲ ಅನ್ಯಾಯವಾಯಿತೆಂದು ಬರೆದುಬಿಡುವುದು ಸಂಶೋಧನೆಯಲ್ಲ. ಗೇಣಿದಾರನು ಸಂತಾನವಿಲ್ಲದೆ ತೀರಿಕೊಂಡಿರಬಹುದು, ಮಕ್ಕಳು ಮುಂಬಯಿಯ ಹೊಟೇಲಿಗೋ ಘಟ್ಟದ ಕಾಫಿತೋಟಕ್ಕೋ ಹೋಗಿರಬಹುದು, ಮನೆ ಪಾಲಾಗಿರಬಹುದು. ಆ ಕುಟುಂಬದವರ ನೆನಪನ್ನು ಕೇಳದೆ ಧಣಿಯ ಪುಸ್ತಕವೊಂದರಿಂದಲೇ ತೀರ್ಪು ಕೊಡಬಾರದು. ಹಾಗೆಯೇ ನೆನಪೊಂದನ್ನೇ ನಂಬಿ ಪುಸ್ತಕವನ್ನು ಬದಿಗಿಡಲೂಬಾರದು. ಒಂದು ವಸ್ತುವನ್ನು ಒಂದೇ ನಯದಿಂದ ನೋಡಿ ನಿರ್ಣಯಿಸಬಾರದೆಂದು ಅನೇಕಾಂತವನ್ನು ಕಲಿತವರಿಗೆ ಬೇರೆ ಹೇಳಬೇಕಾಗಿಲ್ಲ.

ಎರಡು ಬದಿಯ ನಷ್ಟ

ಅನೇಕಾಂತದ ಮಾತು ಬಂದುದರಿಂದ ಒಡೆಯರ ಪಕ್ಷವನ್ನೂ ಹೇಳುವುದು ನ್ಯಾಯ. 1974ರಲ್ಲಿ ಭೂಮಿ ಕಳೆದುಕೊಂಡವರೆಲ್ಲರೂ ದೊಡ್ಡ ಧಣಿಗಳಾಗಿರಲಿಲ್ಲ. ಎರಡು ಮೂರು ಎಕರೆಯ ಗೇಣಿಯನ್ನೇ ನಂಬಿದ್ದ ವಿಧವೆಯರು, ಬಸದಿಯ ಇಂದ್ರರು, ಪರವೂರಿನಲ್ಲಿ ಶಾಲಾಮಾಸ್ತರಿಕೆ ಮಾಡುತ್ತಿದ್ದವರು ಅವರಲ್ಲಿದ್ದರು. ತಿದ್ದುಪಡಿಯು ಸೈನಿಕರು ಮತ್ತು ನಾವಿಕರ ಹೊರತು ಉಳಿದವರಿಗೆ ಭೂಮಿಯನ್ನು ಹಿಂದಕ್ಕೆ ಪಡೆಯುವ ಅವಕಾಶವನ್ನು ಇಡಲಿಲ್ಲ. ಧಾರ್ಮಿಕ ಸಂಸ್ಥೆಗಳಿಗೆ ವರ್ಷಾಶನ ಗೊತ್ತಾಯಿತಾದರೂ ಬೆಲೆಯೇರಿಕೆಯ ಮುಂದೆ ನಿಗದಿಯಾದ ಹಣವು ಕರಗುತ್ತಲೇ ಹೋಗುತ್ತದೆ. ಒಕ್ಕಲುಗಳನ್ನು ಮನೆಯವರಂತೆ ಕಂಡು, ಕ್ಷಾಮದ ವರ್ಷ ಗೇಣಿ ಬಿಟ್ಟ ಧಣಿಗಳೂ ಇದ್ದರು. ಅದೂ ಅದೇ ಪುಸ್ತಕಗಳಲ್ಲಿ ಬರೆದಿರುತ್ತದೆ. ಆ ಪುಸ್ತಕಗಳು ತೆರೆದರೆ ಆ ಪುಣ್ಯವೂ ಬೆಳಕಿಗೆ ಬರುತ್ತದೆ.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಒಡೆಯನ ನಷ್ಟಕ್ಕೆ ಕಾಯಿದೆಯಿತ್ತು, ಮಂಡಳಿಯಿತ್ತು, ತಕ್ಕಮಟ್ಟಿನ ಪರಿಹಾರವಿತ್ತು, ಕಡತದಲ್ಲಿ ಹೆಸರಿತ್ತು. ಒಕ್ಕಲೆದ್ದವನ ನಷ್ಟಕ್ಕೆ ಇವುಗಳಲ್ಲಿ ಒಂದೂ ಇರಲಿಲ್ಲ. ಆದ್ದರಿಂದಲೇ ಒಂದು ನಷ್ಟವು ಇತಿಹಾಸವಾಗಿ ಉಳಿಯಿತು, ಇನ್ನೊಂದು ನಿಟ್ಟುಸಿರಾಗಿ ಹೋಯಿತು.

ಶ್ರಾವಕಾಚಾರದ ದೃಷ್ಟಿಯಲ್ಲಿ ಇದು ಹೊರಗಿನವರು ಬಂದು ನಮ್ಮ ಮೇಲೆ ಹೊರಿಸಬೇಕಾದ ಪ್ರಶ್ನೆಯಲ್ಲ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಅಣುವ್ರತಗಳ ಅತಿಚಾರಗಳನ್ನು ಎಣಿಸುವಾಗ, ಅಚೌರ್ಯದ ಕೆಳಗೆ ಹೀನಾಧಿಕಮಾನೋನ್ಮಾನವನ್ನೂ ಸತ್ಯದ ಕೆಳಗೆ ಕೂಟಲೇಖಕ್ರಿಯೆಯನ್ನೂ ಹೇಳುತ್ತದೆ. ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ ಇಡುವುದು ಮೊದಲನೆಯದು. ಸುಳ್ಳು ಕಾಗದ ಬರೆಯಿಸುವುದು ಎರಡನೆಯದು. ಕಾಗೋಡಿನ ಕೊಳಗವೂ ‘ರಾಜೀಖುಷಿ’ಯ ಕಾಗದವೂ ಈ ಎರಡು ಪದಗಳಿಗೆ ಬರೆದ ವ್ಯಾಖ್ಯಾನದಂತಿವೆ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳಬೇಕಾದ ವಸ್ತುಗಳ ಪಟ್ಟಿಯಲ್ಲಿ ಮೊದಲು ಬರುವುದೂ ಕ್ಷೇತ್ರವೇ, ಅಂದರೆ ಉಳುವ ಭೂಮಿಯೇ. ಅಂಗಡಿಯ ತಕ್ಕಡಿಯ ವಿಷಯದಲ್ಲಿ ಈ ಅತಿಚಾರಗಳನ್ನು ನಾವು ಚೆನ್ನಾಗಿ ಬೋಧಿಸಿದ್ದೇವೆ. ಗೇಣಿಯ ಕೊಳಗದ ವಿಷಯದಲ್ಲಿ ಅಷ್ಟೇ ಸ್ಪಷ್ಟವಾಗಿ ಬೋಧಿಸಿದೆವೇ ಎಂಬುದನ್ನು ವಿದ್ವಾಂಸರು ವಿಚಾರಿಸಬೇಕು.

ಕೊನೆಯದಾಗಿ ಒಂದು ವಿನಂತಿ. ತಾಲೂಕು ಕಚೇರಿಯ ಕಡತಗಳಿಗೆ ಸರಕಾರದ ಕಾವಲಿದೆ. ಮನೆಗಳ ಗೇಣಿ ಪುಸ್ತಕಗಳಿಗೆ ಅಂಥ ಕಾವಲಿಲ್ಲ. ಹಳೆಯ ಮನೆ ಕೆಡವಿ ಹೊಸ ಮನೆ ಕಟ್ಟುವಾಗ, ಆಸ್ತಿ ಪಾಲಾಗುವಾಗ, ಈ ಕಡತಗಳು ಗೆದ್ದಲಿಗೋ ರದ್ದಿಯವನ ತೂಕಕ್ಕೋ ಹೋಗುತ್ತವೆ. ‘ಗೇಣಿಯೇ ಹೋಯಿತು, ಗೇಣಿಯ ಲೆಕ್ಕ ಏಕೆ’ ಎಂಬುದು ಸಹಜವಾದ ಮಾತು. ಕೆಲವರಿಗೆ ಹಿರಿಯರ ಹೆಸರಿಗೆ ಕುಂದು ಬಂದೀತೆಂಬ ಅಳುಕೂ ಇರಬಹುದು. ಆದರೆ ಆ ಪುಟಗಳಲ್ಲಿರುವುದು ಧಣಿಯ ಲೆಕ್ಕ ಮಾತ್ರವಲ್ಲ. ಎಷ್ಟೋ ಒಕ್ಕಲು ಸಂಸಾರಗಳ ಅಜ್ಜ ಮುತ್ತಜ್ಜಂದಿರ ಹೆಸರು ಬರಹದಲ್ಲಿ ಉಳಿದಿರುವ ಏಕೈಕ ಸ್ಥಳವೂ ಅದೇ ಆಗಿರಬಹುದು. ಅದನ್ನು ಸುಟ್ಟರೆ ಅವರನ್ನು ಎರಡನೆಯ ಸಲ ಒಕ್ಕಲೆಬ್ಬಿಸಿದಂತೆ. ಅಂಥ ಪುಸ್ತಕ ಯಾರ ಮನೆಯಲ್ಲಿದ್ದರೂ ಅದನ್ನು ಒಣಗಿದ ಜಾಗದಲ್ಲಿ ಇಟ್ಟು, ಪುಟಗಳ ಛಾಯಾಚಿತ್ರ ತೆಗೆಯಿಸಿ, ಸಮೀಪದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಬಸದಿಯ ಗ್ರಂಥಭಂಡಾರಕ್ಕೋ ಒಂದು ಪ್ರತಿಯನ್ನು ಕೊಡಬೇಕು. ಆ ಒಕ್ಕಲುಗಳ ಮೊಮ್ಮಕ್ಕಳು ಕೇಳಿಕೊಂಡು ಬಂದರೆ ಪುಸ್ತಕವನ್ನು ಅವರ ಮುಂದೆ ಬಿಚ್ಚಬೇಕು. ತಾಳೆಗರಿಯ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಸಮಾಜಕ್ಕೆ ಈ ಕಾಗದಗಳನ್ನು ಕಾಪಾಡುವುದು ಭಾರವಾಗಲಾರದು.